ಪೌಣೆ ನಾಲ್ಕು ತಾಸು

ರೈಲು ಭಾಲ್ಕಿ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ವೈಜಿನಾಥ ಆಗಲೇ ತಂತಿಕಂಬ ಎಣಿಸತೊಡಗಿದ್ದ. ಇವತ್ತು ಏನನ್ನೂ ಎಣಿಸಬಾರದು ಎಂದು ಮನೆಯ ಹೊಸ್ತಿಲಲ್ಲೇ ನಿಶ್ಚಯ ಮಾಡಿಕೊಂಡು ಬಂದವನು. ಆದರೆ ಹಿಸಾಬಿನ ಮಾಸ್ತರನ ಬುದ್ಧಿ ಎಂದರೆ ನಾಯಿಯ ಬಾಲ, ಅದನ್ನು ನೆಟ್ಟಗೆ ಮಾಡಿದವರು ಯಾರೂ ಇಲ್ಲ. ಕಂಬದಿಂದ ಕಂಬಕ್ಕೆ ಇಷ್ಟು ಗಜ, ಇಷ್ಟು ಸೆಕೆಂಡು, ಅಂದರೆ ತಾಸಿಗೆ ಹದಿನೆಂಟು ಮೈಲಿ. ಬೀದರಿಗೆ ಇಪ್ಪತ್ನಾಲ್ಕು ಮೈಲಿ. ಅಂದರೆ ಒಂದು ತಾಸು ಇಪ್ಪತ್ತು ನಿಮಿಷ. ಉತ್ತರ ಬಂದ ಮೇಲೂ ಅವನು ಎಣಿಸುವುದನ್ನು ಬಿಡಲಿಲ್ಲ. ಬಿಟ್ಟರೆ ಎದುರು ಬೆಂಚನ್ನು ನೋಡಬೇಕಾಗುತ್ತಿತ್ತು.

ಎದುರು ಬೆಂಚಿನ ಕಿಟಕಿ ಮೂಲೆಯಲ್ಲಿ ಖತೀಜಾ ಬೇಗಂ ಕೂತಿದ್ದಳು, ಅವನ ಹೆಂಡತಿ ಕಾಂತಾಬಾಯಿಯ ಹಸಿರು ಸೀರೆ ಉಟ್ಟುಕೊಂಡು. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳಿಕೆ ಮುಗಿದು ನಾಲ್ಕು ತಿಂಗಳಾಗಿತ್ತು. ಬುರ್ಖಾ ಹಾಕಿಕೊಂಡು ಒಬ್ಬಳೇ ರೈಲು ಹತ್ತುವ ಧೈರ್ಯ ಇನ್ನೂ ಯಾರಿಗೂ ಬಂದಿರಲಿಲ್ಲ. ಬೆಳಿಗ್ಗೆ ಕಾಂತಾಬಾಯಿಯೇ ಒಳಗೆ ಕರೆದು ನಿರಿಗೆ ಹಿಡಿದು ಉಡಿಸಿ, ಹಣೆಗೆ ಕುಂಕುಮ ಹಚ್ಚಿ, ಸೆರಗು ತಲೆ ಮೇಲೆ ಎಳೆದು ಕಳಿಸಿದ್ದಳು. ಖತೀಜಾಳ ಗಂಡ ಅಬ್ದುಲ ಸಮದ ಭಾಲ್ಕಿಯ ಸಾಲೆಯಲ್ಲಿ ಭೂಗೋಳ ಕಲಿಸುವವನು, ವೈಜಿನಾಥನ ಹನ್ನೊಂದು ವರ್ಷದ ಜೊತೆಗಾರ. ಅವನನ್ನು ಬೀದರಿಗೆ ಹಿಡಿದುಕೊಂಡು ಹೋಗಿ ನಲವತ್ತು ದಿನವಾಗಿತ್ತು. ನಾಳೆ ಗುಲ್ಬರ್ಗಾದ ಜೇಲಿಗೆ ಸಾಗಿಸುತ್ತಾರಂತೆ. ಸಾಗಿಸುವ ಮೊದಲು, ಒಂದು ಕಾಗದದ ಮೇಲಿನ ಕೈಬರಹ ಅವನದು ಹೌದೋ ಅಲ್ಲವೋ ಎಂದು ಹೇಳಲು ಅದೇ ಸಾಲೆಯ ವೈಜಿನಾಥ ಮಾಸ್ತರು ಇಂದು ಹಾಜರಾಗಬೇಕು. ಹುಕುಂ ಬಂದದ್ದು ಹಾಗೆ. ಕಾಗದದ ಮೇಲಿನ ಪಟ್ಟಿ ವೈಜಿನಾಥನ ಕೈಯದೇ ಎನ್ನುವುದು ಗೊತ್ತಿದ್ದವರು ಲೋಕದಲ್ಲಿ ಇಬ್ಬರು, ಒಬ್ಬ ಅಲ್ಲಿ ಕೋಣೆಯೊಳಗೆ, ಒಬ್ಬ ಇಲ್ಲಿ ಕಂಬ ಎಣಿಸುತ್ತ. ಖತೀಜಾಳಿಗೆ ಗೊತ್ತಿರಲಿಲ್ಲ. ನಿನ್ನೆ ಸಂಜೆ ಅವನ ಬಾಗಿಲಲ್ಲಿ ನಿಂತು ಅವಳು ಕೇಳಿದ್ದು ಇಷ್ಟೇ: "ಅವರ ಕೈ ನಿಮಗ ಗೊತ್ತದ ಭಾಯಿ. ಅದು ಅವರದಲ್ಲ ಅಂತ ಒಂದ ಮಾತ ಹೇಳಿಬಿಡ್ರಿ. ನೀವು ಹೇಳಿದ್ರ ಕೇಳ್ತಾರ." ಕಾಂತಾಬಾಯಿ ಒಳಗಿನಿಂದ ಎಲ್ಲ ಕೇಳಿಸಿಕೊಂಡು, ಅವಳು ಹೋದ ಮೇಲೆ ತಟ್ಟೆ ಇಡುತ್ತ, "ನನಗೇನ ಗೊತ್ತಿಲ್ಲ ಅಂತ ಹೇಳಿ ಬರ್ರಿ. ಹೌದೂ ಅನ್ನಬ್ಯಾಡ್ರಿ, ಅಲ್ಲಾ ಅನ್ನಬ್ಯಾಡ್ರಿ," ಎಂದಿದ್ದಳು. ರಾತ್ರಿಯೆಲ್ಲ ಅವನಿಗೆ ಅದೇ ಸರಿ ಎನಿಸಿತ್ತು.

ಖತೀಜಾಳ ಪಕ್ಕದಲ್ಲಿ ಹಳದಿ ರುಮಾಲಿನ ಒಬ್ಬ ಮನುಷ್ಯ ಕೂತಿದ್ದ. ಎರಡು ಸ್ಟೇಶನ್ನಿನಷ್ಟು ದೂರ ಅವನು ಸೆಪ್ಟೆಂಬರಿನ ಕತೆ ಹೇಳುತ್ತಲೇ ಬಂದ. ಯಾವ ಊರಲ್ಲಿ ಯಾರ ಮನೆ ಸುಟ್ಟಿತು, ಯಾರು ಬಾವಿಗೆ ಬಿದ್ದರು, ಯಾರು ಗಡ್ಡ ಬೋಳಿಸಿಕೊಂಡು ಜೋಳದ ಹೊಲದಲ್ಲಿ ಮೂರು ದಿನ ಕೂತಿದ್ದರು ಎನ್ನುವುದನ್ನು ಮದುವೆಯ ಊಟದ ಸುದ್ದಿಯಂತೆ ಹೇಳುತ್ತಿದ್ದ. ಕೇಳುವವರು ಹೂಂಗುಟ್ಟುತ್ತಿದ್ದರು. ವೈಜಿನಾಥನೂ ಒಂದೆರಡು ಸಲ ಹೂಂಗುಟ್ಟಿದ. ಆಮೇಲೆ ಆ ಮನುಷ್ಯನ ಕಣ್ಣು ಕೆಳಗಿಳಿದು ಖತೀಜಾಳ ಪಾದದ ಮೇಲೆ ನಿಂತದ್ದು ಕಂಡಿತು. ಸೀರೆ ಇತ್ತು, ಕುಂಕುಮ ಇತ್ತು, ಕಾಲುಂಗುರ ಇರಲಿಲ್ಲ. ಕಾಂತಾಬಾಯಿ ಅದೊಂದನ್ನು ಮರೆತಿದ್ದಳು. ಖತೀಜಾ ಪಾದವನ್ನು ನಿಧಾನವಾಗಿ ಸೀರೆಯ ಅಂಚಿನೊಳಗೆ ಎಳೆದುಕೊಂಡಳು.

"ಯಾವೂರಾಯ್ತು ತಂಗಿ?" ಎಂದ ರುಮಾಲಿನವನು. ಅವಳು ಕಿಟಕಿಯ ಹೊರಗೆ ನೋಡಿದಳು. ಬಾಯಿ ತೆರೆದರೆ ಮಾತಿನ ಧಾಟಿಯೇ ಹೇಳಿಬಿಡುತ್ತದೆ.

ಅವನು ವೈಜಿನಾಥನ ಕಡೆ ತಿರುಗಿದ. "ನಿಮ್ಮ ಮಂದಿ ಏನ್ರಿ ಮಾಸ್ತರ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ನಮ್ಮ ತಂಗಿ, ಗಂಟಲು ಬೇನೆ, ಬೀದರ ದವಾಖಾನೆಗೆ ಕರೆದೊಯ್ಯುತ್ತಿದ್ದೇನೆ: ಸುಳ್ಳು ಸಿದ್ಧವಾಗಿಯೇ ಇತ್ತು, ಮನೆಯಲ್ಲೇ ಮಾಡಿಕೊಂಡು ಬಂದದ್ದು. "ಇಲ್ರಿ," ಎಂದ ವೈಜಿನಾಥ. "ನಾ ಒಬ್ಬನ ಇದ್ದೇನಿ."

ಯಾಕೆ ಹಾಗೆಂದ ಎಂದು ಅವನಿಗೇ ತಿಳಿಯಲಿಲ್ಲ. ನಾಲಿಗೆ ತನ್ನ ಪಾಡಿಗೆ ತಾನು ತಪ್ಪಿಸಿಕೊಂಡು ಓಡಿತ್ತು. ಖತೀಜಾಳ ಕುತ್ತಿಗೆ ಅಲುಗಲಿಲ್ಲ, ಮಡಿಲಲ್ಲಿದ್ದ ರೊಟ್ಟಿಯ ಗಂಟನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡಳು. ರುಮಾಲಿನವನು ಮತ್ತೊಮ್ಮೆ ಅವಳ ಅಂಚನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಹಲಬರ್ಗಾ ಬಂತು. "ಮೂಕಿ ಇರಬೇಕು ಪಾಪ," ಎಂದು ಎದ್ದು ಇಳಿದುಹೋದ.

ವೈಜಿನಾಥ ಮತ್ತೆ ಎಣಿಸಹೋದ, ಆದರೆ ಕಂಬದ ಲೆಕ್ಕ ತಪ್ಪಿಹೋಗಿತ್ತು. ಹೋದ ಬೇಸಿಗೆಯಲ್ಲಿ ಸಮದ ಅಟ್ಲಾಸನ್ನು ಕಂಕುಳಲ್ಲಿ ಹಿಡಿದುಕೊಂಡು ಮಾಸ್ತರರ ಕೋಣೆಗೆ ಬಂದಾಗ ಹೊರಗೆ ಇಂಥದೇ ಬಿಳಿ ಬಿಸಿಲಿತ್ತು, ಆದರೆ ಸುಡುವಂಥದ್ದು. ಬೀದರಿನ ವಿಮಾನದ ಮೈದಾನದಲ್ಲಿ ದೀಪ ಹಚ್ಚಿಸುವ ದರೋಗಾ ಒಬ್ಬ ಸಮದನ ದೂರದ ನೆಂಟ. ಕರಾಚಿಯಿಂದ ವಿಮಾನ ಹೊರಟಿತು ಎನ್ನುವ ಸುದ್ದಿ ಆತನಿಗೆ ಬರುತ್ತಿತ್ತು, ಎಷ್ಟಕ್ಕೆ ಮುಟ್ಟುತ್ತದೆ ಎಂದು ಮೇಲಿನವರು ಯಾರೂ ಹೇಳುತ್ತಿರಲಿಲ್ಲ. ಬೇಗ ಹಚ್ಚಿದರೆ ಎಣ್ಣೆ ತೀರಿ ಕಂದೀಲುಗಳು ಆರುತ್ತಿದ್ದವು, ತಡವಾದರೆ ಮೇಲೆ ವಿಮಾನ ಸುತ್ತು ಹೊಡೆಯುತ್ತಿತ್ತು, ಇಳಿದವರು ದರೋಗಾನ ಹುಟ್ಟು ಜಾಲಾಡುತ್ತಿದ್ದರು. "ದವಾ ಬರ್ತದ ಮಾಸ್ತರ," ಎಂದಿದ್ದ ಸಮದ. "ಸರಹದ್ದೆಲ್ಲಾ ಬಂದ್ ಮಾಡ್ಯಾರ. ದವಾಖಾನ್ಯಾಗ ಕುನೈನ ಸುದ್ದಾ ಇಲ್ಲ. ದೂರ ನಾ ಅಳದು ಕೊಡ್ತೇನಿ, ಟೈಂ ನೀವು ತಗದು ಕೊಡ್ರಿ." ಅಂಗಿಯ ಗುಂಡಿ ಹಚ್ಚುವ ದಾರವನ್ನು ನಕಾಶೆಯ ಮೇಲೆ ಎಳೆದು, ಕರಾಚಿಯ ಮೇಲೆ ಒಂದು ಉಗುರು, ಬೀದರಿನ ಮೇಲೆ ಒಂದು ಉಗುರು ಇಟ್ಟ. ದಾರ ಸಮುದ್ರದ ಮೂಲೆಯೊಂದನ್ನು ದಾಟಿ ಕಚ್ಛದ ಉಪ್ಪಿನ ನೆಲದ ಮೇಲಿಂದ ಹಾದು ಬಂದಿತು. ಎಂಟುನೂರ ಮೂವತ್ತು ಮೈಲಿ. ವಿಮಾನ ತಾಸಿಗೆ ಇನ್ನೂರಿಪ್ಪತ್ತು ಮೈಲಿ ಹಾರುತ್ತದೆ ಎಂದು ದರೋಗಾ ಕೇಳಿ ತಂದಿದ್ದ. ಪೌಣೆ ನಾಲ್ಕು ತಾಸು, ಅಂದರೆ ಮೂರೂ ಮುಕ್ಕಾಲು, ಎಂದು ವೈಜಿನಾಥನ ಬಾಯಿಗೆ ಬಂದದ್ದು ಪೆನ್ಸಿಲು ಮುಟ್ಟುವ ಮೊದಲೇ.

ದವೆಯೇ ಹೌದಾ ಎಂದು ಅವನು ಇನ್ನೊಂದು ಸಲ ಕೇಳಲಿಲ್ಲ. ಕೇಳಬೇಕೆನ್ನಿಸಿತ್ತು, ಅದನ್ನೀಗ ಒಪ್ಪಿಕೊಳ್ಳಬೇಕು. ಔರಾದ ಕಡೆಯ ಹಳ್ಳಿಗಳಲ್ಲಿ ಆಗಲೇ ಬಂದೂಕಿನ ಮಾತು ಕೇಳಿಬರುತ್ತಿತ್ತು. ಆದರೆ ಹದಿನೈದು ವರ್ಷದಿಂದ ಅವನು ಎರಡು ನಳದ ನೀರಿನ ತೊಟ್ಟಿಯ ಲೆಕ್ಕ, ಗೂಟಕ್ಕೆ ಕಟ್ಟಿದ ಆಡಿನ ಲೆಕ್ಕ ಮಾಡಿಸುತ್ತ ಬಂದವನು. ಆ ತೊಟ್ಟಿ ಯಾವತ್ತೂ ತುಂಬಲಿಲ್ಲ, ಆ ಆಡು ಯಾವತ್ತೂ ಮೇಯಲಿಲ್ಲ. ಇಲ್ಲಿ ಅವನ ಉತ್ತರಕ್ಕಾಗಿ ಒಬ್ಬ ಮನುಷ್ಯ ಬೆಂಕಿಪೆಟ್ಟಿಗೆ ಹಿಡಿದು ನಿಜವಾಗಿ ಕಾಯುತ್ತಿದ್ದ. ಸಮದ ಮೇಲೆ ಉರ್ದುವಿನಲ್ಲಿ ಊರುಗಳ ಹೆಸರು, ದೂರ ಬರೆದುಕೊಟ್ಟ. ಅದರ ಕೆಳಗೆ ವೈಜಿನಾಥ ಪಟ್ಟಿ ಹಾಕಿದ: ಇಷ್ಟಕ್ಕೆ ಬಿಟ್ಟರೆ ಇಷ್ಟಕ್ಕೆ ಮುಟ್ಟುತ್ತದೆ, ಎದುರು ಗಾಳಿ ಇದ್ದರೆ ಇಷ್ಟಕ್ಕೆ, ಇಷ್ಟು ಮುಂಚೆ ದೀಪ ಹಚ್ಚು. ಅಂದದ ಪಟ್ಟಿ. ಸಾಲದ್ದಕ್ಕೆ ಮುಂದಿನ ವಾರ ಬೀದರಿಗೆ ಹೋಗಿ, ಅಷ್ಟೂರಿನ ಗುಂಬಜಗಳ ಹತ್ತಿರ ಗಡಿಯಾರ ಹಿಡಿದು ನಿಂತ. ಮೂರಕ್ಕೆ ಬಿಟ್ಟ ವಿಮಾನ ಪೌಣೆ ಏಳಕ್ಕೆ ಪಡುವಣದ ಕೆಂಪಿನಲ್ಲಿ ನೊಣದಷ್ಟಾಗಿ ಕಂಡಿತು. ಅವನು ಒಬ್ಬನೇ ನಿಂತು ನಕ್ಕಿದ್ದ. ಅವನ ಮದುವೆಯಲ್ಲೂ ಅಷ್ಟು ಸಂತೋಷ ಆಗಿರಲಿಲ್ಲ.

ಆಮೇಲೆ ಇಪ್ಪತ್ತು ದಿನಕ್ಕೆ ಚಿಂತಾಕಿಯಿಂದ ಸುದ್ದಿ ಬಂತು. ಚಿಂತಾಕಿ ಅವನ ಊರು, ಅಣ್ಣ ಧೊಂಡಿಬಾ ಅಲ್ಲಿ ಕುರಿ ಕಾಯ್ದುಕೊಂಡಿದ್ದ. ನಿಜಾಮನ ಪರದ ಬಂದೂಕಿನವರು ಹಟ್ಟಿಗೆ ನುಗ್ಗಿ ಕುರಿ ಹೊಡೆದುಕೊಂಡು ಹೋಗುವಾಗ ಧೊಂಡಿಬಾ ಅಡ್ಡ ನಿಂತಿದ್ದ. ವೈಜಿನಾಥ ಮುಟ್ಟುವ ಹೊತ್ತಿಗೆ ಎಡಗೈ ಮೊಣಕೈಯ ಕೆಳಗೆ ಇರಲಿಲ್ಲ. ಅತ್ತಿಗೆ ಚಂದ್ರಭಾಗಾ ಅಳಲಿಲ್ಲ, ಒಲೆಯ ಮುಂದೆ ಕೂತು, "ಹೊಸಾ ಬಂದೂಕ ಇತ್ತೋ ವೈಜಿನಾಥ. ಇನ್ನಾ ಎಣ್ಣಿ ವಾಸನಿ ಬರ್ತಿತ್ತು," ಎಂದಳು. ಆ ಬಂದೂಕು ಆ ವಿಮಾನದಲ್ಲೇ ಬಂತು ಎನ್ನಲು ಪುರಾವೆ ಇರಲಿಲ್ಲ. ಅಲ್ಲ ಎನ್ನಲೂ ಇರಲಿಲ್ಲ. ಗಾಯ ಮಾಯ್ದ ಮೇಲೆ ಇನ್ನೊಂದು ಸಲ ಹೋದಾಗ, ಒಂದು ಕೈಯಿಂದ ಉಳಿದ ಕುರಿಯ ಉಣ್ಣೆ ಕತ್ತರಿಸಲು ಹೆಣಗುತ್ತಿದ್ದ ಅಣ್ಣನ ಎದುರು ಕೂತು ಅವನು ಚಹಾ ಕುಡಿದ. ಹೇಳಲಿಲ್ಲ. ಭಾಲ್ಕಿಗೆ ಬಂದು ಸಮದನಿಗೂ ಏನೂ ಹೇಳಲಿಲ್ಲ, ಮಾತು ಮಾತ್ರ ಕಡಿಮೆ ಮಾಡಿದ. ಸಮದನಿಗೆ ಅರ್ಥವಾಗಿತ್ತು. ಒಂದು ದಿನ ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ತಡೆದು, "ನನಗೂ ದವಾ ಅಂತನ ಹೇಳಿದ್ರು ಮಾಸ್ತರ. ಖುದಾನ ಆಣಿ," ಎಂದ. ವೈಜಿನಾಥ ತಲೆ ಅಲ್ಲಾಡಿಸಿ ಕ್ಲಾಸಿಗೆ ಹೋದ. ಇರಬಹುದು, ಆದರೆ ಆ ಲೆಕ್ಕ ತಂದವನು ನೀನು ತಾನೇ: ಈ ನಲವತ್ತು ದಿನದಲ್ಲಿ ಅವನು ಈ ಮಾತನ್ನು ಎಷ್ಟು ಸಲ ತನ್ನೊಳಗೆ ಹೇಳಿಕೊಂಡಿದ್ದ ಎಂದರೆ ಅದು ಸವೆದು ರುಚಿಯೇ ಇಲ್ಲದಂತಾಗಿತ್ತು.

ಬೀದರ ಸ್ಟೇಶನ್ನಿನಿಂದ ಕಚೇರಿಗೆ ಅವರು ನಡೆದೇ ಹೋದರು. ಖತೀಜಾ ಹತ್ತು ಹೆಜ್ಜೆ ಹಿಂದಿದ್ದಳು. ಟಾಂಗಾದವನೊಬ್ಬ ನಿಲ್ಲಿಸಿ ಕೇಳಿದಾಗ ವೈಜಿನಾಥ ಬೇಡವೆಂದ, ಒಂದೇ ಟಾಂಗಾದಲ್ಲಿ ಕೂತರೆ ಮಾತಾಡಬೇಕಾಗುತ್ತಿತ್ತು. ಕಮಾನಿನ ಹತ್ತಿರ ಜನ ಕಡಿಮೆಯಾದಾಗ ಅವಳು ಹೆಜ್ಜೆ ಚುರುಕು ಮಾಡಿ ಹತ್ತಿರ ಬಂದಳು. ಈಗ ಕೇಳುತ್ತಾಳೆ ಎಂದುಕೊಂಡ. ಕೇಳಲಿ, ಬಯ್ಯಲಿ, ಅಷ್ಟಾದರೂ ಆಗಲಿ.

"ಗಾಡ್ಯಾಗ ಹಂಗ ಅಂದಿದ್ದು ಚಲೋ ಆಯ್ತು ಭಾಯಿ," ಎಂದಳು ಖತೀಜಾ. "ಹೌದು ಅಂದಿದ್ರ ನಿಮ್ಮ ಮ್ಯಾಲೂ ಬರ್ತಿತ್ತು."

ಅವಳು ಅದನ್ನು ಮನಸಾರೆ ಹೇಳಿದ್ದಳು. ವೈಜಿನಾಥನಿಗೆ ಕೆನ್ನೆಗೆ ಹೊಡೆದಂತಾಯಿತು. ಏನಾದರೂ ಹೇಳಬೇಕೆಂದು, "ಭಾಭಿ, ನೀವು ಉಂಡೀರಿಲ್ಲ?" ಎಂದು ಕೇಳಿದ. "ಅವರದ ಊಟ ಆದ ಮ್ಯಾಲ ನೋಡೂಣ್ರಿ," ಎಂದಳು. ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ಅವಳನ್ನು ಕೂರಿಸಿ ಅವನು ಒಳಗೆ ಹೋದ.

ಒಳಗೆ ಒಂದೂವರೆ ತಾಸು ಬೆಂಚಿನ ಮೇಲೆ ಕಾಯಿಸಿದರು. ಹಳೆಯ ಚಪರಾಸಿಯೇ ಇದ್ದ, ಅವನ ಎದೆಯ ಮೇಲಿನ ಡವಾಲಿಯ ಬಿಲ್ಲೆ ಮಾತ್ರ ಬದಲಾಗಿತ್ತು. ಬರುವವರೆಲ್ಲ ಉರ್ದು ಬಿಟ್ಟು ಹೊಸ ಭಾಷೆಯಲ್ಲಿ ಅರ್ಜಿ ಹಿಡಿದುಕೊಂಡು ಬರುತ್ತಿದ್ದರು. ಸಾಹೇಬರು ಮಂಗಳೂರು ಕಡೆಯವರಂತೆ, ಮದ್ರಾಸಿನ ಸರಕಾರ ಎರವಲು ಕೊಟ್ಟವರು. ಕರೆ ಬಂದಾಗ ವೈಜಿನಾಥ ಧೋತರ ಸರಿಮಾಡಿಕೊಂಡು ಎದ್ದ. ನನಗೇನೂ ಗೊತ್ತಿಲ್ಲ. ಹೌದೂ ಅಲ್ಲ, ಅಲ್ಲವೂ ಅಲ್ಲ. ಬಾಗಿಲು ದಾಟುವವರೆಗೆ ಅವನು ಆ ಮಾತನ್ನು ಬಾಯಿಪಾಠ ಮಾಡಿಕೊಂಡ.

"ಕುಳಿತುಕೊಳ್ಳಿ ಮಾಸ್ತರೇ," ಎಂದರು ಸಾಹೇಬರು. ಸಣ್ಣ ವಯಸ್ಸು, ಶುಭ್ರ ಅಂಗಿ, ಪುಸ್ತಕ ಓದಿದಂತೆ ಮಾತು. ಆ ಕನ್ನಡದ ಮುಂದೆ ತನ್ನ ಕನ್ನಡ ಬರಿಗಾಲಲ್ಲಿ ನಿಂತಿದೆ ಎನಿಸಿ ವೈಜಿನಾಥನಿಗೆ ನಾಚಿಕೆಯಾಯಿತು. "ನೀವು ಇಷ್ಟು ದೂರ ಬಂದದ್ದು ಉಪಕಾರವಾಯಿತು. ನಿಮ್ಮ ಅಣ್ಣನವರ ವಿಷಯ ನಾನು ಕೇಳಿದ್ದೇನೆ. ಅವರ ಕೈ ಹೋದದ್ದು ನಮ್ಮ ದಾಖಲೆಯಲ್ಲಿದೆ. ನಿಮ್ಮಂಥವರ ಮಾತಿಗೆ ಇಲ್ಲಿ ಬೆಲೆಯಿದೆ."

ವೈಜಿನಾಥ ಕೈ ಮುಗಿದ. ಮುಗಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಸಾಹೇಬರು ಕಾಗದವನ್ನು ಅವನ ಮುಂದೆ ಸರಿಸಿದರು. ಎಣ್ಣೆಯ ಕಲೆ ಬಿದ್ದು ಮಡಿಕೆಯಲ್ಲಿ ಹರಿದಿತ್ತು. ದರೋಗಾ ಸೆಪ್ಟೆಂಬರಿನಲ್ಲಿ ಓಡಿಹೋದಾಗ ಕಂದೀಲಿನ ಕೋಣೆಯಲ್ಲಿ ಬಿಟ್ಟುಹೋದದ್ದಂತೆ. "ಮೇಲಿನ ಉರ್ದು ತನ್ನದೆಂದು ಆತ ಒಪ್ಪಿದ್ದಾನೆ. ಅದು ನನಗೆ ಮುಖ್ಯವಲ್ಲ. ಎರಡು ಊರಿನ ನಡುವೆ ಎಷ್ಟು ದೂರ ಎಂದು ನಕಾಶೆ ನೋಡಿದ ಯಾರೂ ಹೇಳಬಹುದು. ಕೆಳಗಿನ ಪಟ್ಟಿ ಹಾಗಲ್ಲ. ಇದನ್ನು ಮುಂದಿಟ್ಟುಕೊಂಡೇ ದೀಪ ಹಚ್ಚಿದ್ದಾರೆ, ಬಂದೂಕು ಇಳಿಸಿಕೊಂಡಿದ್ದಾರೆ. ಪಟ್ಟಿ ಮಾಡಿದವನನ್ನು ನಾನು ಬಿಡುವಂತಿಲ್ಲ. ಅದೂ ತನ್ನದೇ ಎನ್ನುತ್ತಾನೆ ಆತ. ಆದರೆ ಅಂಕಿಗಳ ಪಕ್ಕದಲ್ಲಿ ಈ ಗೀಟುಗಳಿವೆಯಲ್ಲ, ಇವು ಏನು? ನಾನು ಓದಿದ ಗಣಿತದಲ್ಲಿ ಇವಿಲ್ಲ."

ತನ್ನದೇ ಎನ್ನುತ್ತಾನೆ. ವೈಜಿನಾಥನಿಗೆ ಮುಂದಿನ ಮಾತು ಸರಿಯಾಗಿ ಕೇಳಲೇ ಇಲ್ಲ. ನಲವತ್ತು ದಿನ ಪ್ರತಿ ಬೆಳಿಗ್ಗೆ ಸಾಲೆಯ ಬಾಗಿಲಲ್ಲಿ ಪೊಲೀಸ್ ಟೋಪಿ ಕಂಡೀತೆಂದು ಹೆದರಿದ್ದ, ಸಮದ ಇವತ್ತು ಹೆಸರು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು. ಹೇಳಿದ್ದರೆ ಅವನ ಮೇಲೆ ಸಿಟ್ಟಾಗಲು ಒಂದು ನೆವವಾದರೂ ಇರುತ್ತಿತ್ತು. ಅವನು ಕಾಗದ ನೋಡಿದ. ಮೂರರ ಪಕ್ಕದಲ್ಲಿ ಮೂರು ಗೀಟು, ಎಡಕ್ಕೆ ವಾಲಿದವು. ಆರರ ಪಕ್ಕದಲ್ಲಿ ಮೂರು. ಈ ವಾಲಿದ ಗೀಟು ಸಾಲೆಯ ಹುಡುಗರಿಗೆಲ್ಲ ಪರಿಚಯ. ಅವನು ಬೋರ್ಡಿನ ಮೇಲೆ ಬರೆದರೆ ಹಿಂದಿನ ಬೆಂಚಿನವರು ತಲೆ ವಾರೆ ಮಾಡಿ ಓದುತ್ತಿದ್ದರು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಇದು ಗಾಂವಠಿ ಸಾಲಿ ಲೆಕ್ಕ್ರಿ ಸಾಹೇಬ್ರ," ಎಂದ. ದನಿ ಆಶ್ಚರ್ಯವೆನಿಸುವಷ್ಟು ಸ್ಥಿರವಾಗಿತ್ತು. "ಒಂದು ಗೀಟು ಅಂದ್ರ ಪಾವು, ಎರಡು ಗೀಟು ಅರ್ಧ, ಮೂರು ಗೀಟು ಮುಕ್ಕಾಲು. ಹಳ್ಳ್ಯಾಗ ಪಂತೋಜಿ ಕಡಿ ಉಸುಕಿನ ಮ್ಯಾಲ ಬೆರಳಿಟ್ಟು ಕಲ್ತವರು ಹಿಂಗ ಬರೀತಾರ್ರಿ. ಪಾವಕಿ, ನಿಮಕಿ, ಪೌಣಕಿ ಅಂತ ಪಾವು, ಅರ್ಧ, ಮುಕ್ಕಾಲಿನ ಮಗ್ಗಿ ಇರ್ತಾವ. ಸಮದಸಾಬ್ರು ಸಣ್ಣವರಿದ್ದಾಗಿಂದ ಉರ್ದು ಸಾಲ್ಯಾಗ ಕಲ್ತವರು. ಅವರಿಗಿದು ಬರಂಗಿಲ್ರಿ. ಪೌಣಕಿ ಅನ್ಸಿ ನೋಡ್ರಿ ಬೇಕಾದ್ರ."

"ಹಾಗಾದರೆ ಪಟ್ಟಿ ಯಾರದು?"

"ಯಾರದಂತ ಹೇಳ್ಲಿರಿ. ಹಳ್ಳಿ ಕಡಿದವರು ಎಷ್ಟೋ ಮಂದಿ ಇರ್ತಾರ. ಬಜಾರದಾಗ ಗುಮಾಸ್ತರು ಇರ್ತಾರ."

"ನಿಮಗೆ ಬರುತ್ತದಲ್ಲವೇ?"

"ಹಿಸಾಬಿನ ಮಾಸ್ತರ ಇದ್ದೇನಲ್ರಿ," ಎಂದು ವೈಜಿನಾಥ ನಕ್ಕ. ಸಾಹೇಬರೂ ನಕ್ಕರು. ಅಣ್ಣನ ಹೋದ ಕೈ ಅವನ ಮುಂದೆ ಬಾಗಿಲಂತೆ ಮುಚ್ಚಿಕೊಂಡು ನಿಂತಿತ್ತು. ಅವನ ಮೇಲೆ ಸಂಶಯ ಪಡುವುದು ಇವರಿಗೆ ಸಾಧ್ಯವೇ ಇರಲಿಲ್ಲ. ಸಮದ ಬಿಡುಗಡೆಯಾಗುತ್ತಾನೆ, ತಾನೂ ಮನೆಗೆ ಹೋಗುತ್ತೇನೆ, ಧೊಂಡಿಬಾನಿಗೆ ಗೊತ್ತಾಗುವುದಿಲ್ಲ. ಇಷ್ಟು ಚೊಕ್ಕ ಉತ್ತರ ಬಂದಾಗ ಲೆಕ್ಕದಲ್ಲಿ ಎಲ್ಲೋ ತಪ್ಪಿರುತ್ತದೆ ಎಂದು ಅವನೇ ಹುಡುಗರಿಗೆ ಹೇಳುತ್ತಿದ್ದ.

ಸಮದನನ್ನು ಕರೆತಂದರು. ಮೈ ಇಳಿದಿತ್ತು, ಗಡ್ಡ ಬೆಳೆದಿತ್ತು, ಶೇರವಾನಿಯ ಮೇಲಿನ ಗುಂಡಿ ಇರಲಿಲ್ಲ, ಆದರೆ ಕ್ಲಾಸಿಗೆ ಬರುವವನಂತೆ ನೆಟ್ಟಗೆ ನಿಂತ. ವೈಜಿನಾಥನನ್ನು ನೋಡಿ ಸ್ವಲ್ಪ ತಲೆ ಬಾಗಿಸಿದ. ನಲವತ್ತು ದಿನಕ್ಕೆ ಒಬ್ಬ ಮನುಷ್ಯ ಇಷ್ಟು ಮುದಿಯಾಗಬಹುದೆಂದು ವೈಜಿನಾಥ ಎಣಿಸಿರಲಿಲ್ಲ.

"ನಿಮಗೆ ಪೌಣಕಿ ಬರುತ್ತದೆಯೇ?" ಎಂದರು ಸಾಹೇಬರು. "ಬರುವುದಿಲ್ಲವೆಂದು ನಿಮ್ಮ ಮಾಸ್ತರು ಹೇಳುತ್ತಾರೆ. ಬರದಿದ್ದರೆ ಈ ಪಟ್ಟಿ ನಿಮ್ಮದಲ್ಲ. ಆಗ ಯಾರದೆಂದು ನಾನು ಹುಡುಕುತ್ತೇನೆ. ಸಾಲೆಯಿಂದಲೇ ಶುರು ಮಾಡುತ್ತೇನೆ."

ಆ ಕೊನೆಯ ಮಾತನ್ನು ವೈಜಿನಾಥ ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಸಾಲೆಯಲ್ಲಿ ಯಾವ ಹುಡುಗನನ್ನು ಕೇಳಿದರೂ ವಾಲಿದ ಗೀಟು ಯಾರದೆಂದು ಹೇಳಿಯಾನು. ಸಮದನಿಗೂ ಅದು ತಿಳಿಯಿತು. ಬರುವುದಿಲ್ಲ ಅನ್ನು, ಎಂದು ವೈಜಿನಾಥ ಮನಸ್ಸಿನಲ್ಲಿ ಬೇಡಿಕೊಂಡ. ಅದೇ ಉಸಿರಿನಲ್ಲಿ ಬರುತ್ತದೆ ಅನ್ನು ಎಂದೂ ಬೇಡಿಕೊಂಡ. ಎರಡೂ ಬೇಡಿಕೆ ನಿಜವಾಗಿದ್ದವು.

"ಬರ್ತದ್ರಿ," ಎಂದ ಸಮದ. ಕೈ ಕಟ್ಟಿಕೊಂಡು ಶುರು ಮಾಡಿದ. "ಒಂದು ಪೌಣ ಪೌಣ. ಎರಡು ಪೌಣ ದೀಡ. ಮೂರು ಪೌಣ ಸವ್ವಾ ಎರಡು. ನಾಲ್ಕು ಪೌಣ ಮೂರು."

ಮುಕ್ಕಾಲು, ಒಂದೂವರೆ, ಎರಡೂಕಾಲು, ಮೂರು: ಒಂದು ಸ್ವರ ತಪ್ಪಲಿಲ್ಲ. ವೈಜಿನಾಥನದೇ ರಾಗ, ಕೊನೆಯಲ್ಲಿ ಎಳೆದು ಬಿಡುವ ಚಿಂತಾಕಿಯ ಪಂತೋಜಿಯ ರಾಗ. ಸರಕಾರ ಕಲಿಸಬೇಡ ಎಂದರೂ ಅವನು ಮಧ್ಯಾಹ್ನದ ಕೊನೆಯ ಗಂಟೆಯಲ್ಲಿ ಹುಡುಗರಿಂದ ಇದನ್ನು ಹಾಡಿಸುತ್ತಿದ್ದ, ಅತ್ತ ಪಕ್ಕದ ಕ್ಲಾಸಿನಲ್ಲಿ ನದಿಗಳ ಹೆಸರು ನಡೆದಿರುತ್ತಿತ್ತು, ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಹನ್ನೊಂದು ವರ್ಷ. "ಐದು ಪೌಣ ಪೌಣೆ ನಾಲ್ಕು," ಎಂದಾಗ ಸಾಹೇಬರು ಕಾಗದದತ್ತ ನೋಡಿ ತಲೆದೂಗಿದರು. ಆರು, ಏಳು, ಎಂಟು. ಸಮದ ಕಣ್ಣನ್ನು ಗೋಡೆಯ ಮೇಲಿಟ್ಟಿದ್ದ. "ಹನ್ನೊಂದು ಪೌಣ ಸವ್ವಾ ಎಂಟು. ಹನ್ನೆರಡು ಪೌಣ ಒಂಬತ್ತು. ಹದಿಮೂರು ಪೌಣ..."

ನಿಂತಿತು. ಸಮದನ ತುಟಿ ಒಮ್ಮೆ ಅಲುಗಿತು. "ಹದಿಮೂರು ಪೌಣ..." ಎಂದು ಮತ್ತೆ ಅಂದ, ಮತ್ತೆ ನಿಂತ.

"ಸಾಕು," ಎಂದು ಸಾಹೇಬರು ಟಾಕು ತೆಗೆದುಕೊಂಡರು. "ಹನ್ನೆರಡರವರೆಗೆ ಬಂದವನಿಗೆ ಈ ಪಟ್ಟಿ ಏನೂ ದೊಡ್ಡದಲ್ಲ. ನಿಮ್ಮ ಅಂದಾಜು ತಪ್ಪಾಯಿತು ಮಾಸ್ತರೇ. ಗೆಳೆಯನಿಗಾಗಿ ಪ್ರಯತ್ನಪಟ್ಟಿರಿ, ನಾನು ತಪ್ಪು ತಿಳಿಯುವುದಿಲ್ಲ. ನೀವಿನ್ನು ಹೋಗಬಹುದು."

ವೈಜಿನಾಥನಿಗೆ ಹಗುರವಾಯಿತು. ಅಂಗಾಲಿನಿಂದ ನೆತ್ತಿಯವರೆಗೆ ಹಗುರವಾಯಿತು, ಆ ಹಗುರಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಎದ್ದು ನಿಂತ. ಈಗ ಕೈ ಮುಗಿದು ಹಿಂದಕ್ಕೆ ತಿರುಗಿದರೆ ಆಯಿತು. ಹೊರಗೆ ಬೇವಿನ ಮರದ ಕೆಳಗಿರುವವಳಿಗೆ, ನಾನು ಹೇಳಿದೆ ಭಾಭಿ, ಅವರು ಕೇಳಲಿಲ್ಲ ಎಂದರೆ ಆಯಿತು. ಅದರಲ್ಲಿ ಒಂದಕ್ಷರ ಸುಳ್ಳಿರುವುದಿಲ್ಲ, ಅವಳು ಉಪಕಾರ ಆಯಿತು ಭಾಯಿ ಎನ್ನುತ್ತಾಳೆ, ಖಂಡಿತ ಎನ್ನುತ್ತಾಳೆ. ಟಾಕು ಕಾಗದದ ಮೇಲೆ ಕರಕರ ಓಡುತ್ತಿತ್ತು. ಸಮದ ಮಾತ್ರ ಇನ್ನೂ ಅಲ್ಲೇ ನಿಂತಿದ್ದ, ಹದಿಮೂರರ ಹತ್ತಿರ. ಈಗ ಅವನು ಗೋಡೆಯನ್ನು ನೋಡುತ್ತಿರಲಿಲ್ಲ, ವೈಜಿನಾಥನನ್ನು ನೋಡುತ್ತಿದ್ದ. ಬೇಡುವ ನೋಟವಲ್ಲ, ಸಿಟ್ಟೂ ಅಲ್ಲ. ಮಗ್ಗಿಯ ನಡುವೆ ತಡೆದ ಹುಡುಗ ಮಾಸ್ತರನ ಬಾಯಿ ನೋಡುತ್ತ ನಿಲ್ಲುತ್ತಾನಲ್ಲ, ಹಾಗೆ. ಹುಡುಗ ಹಾಗೆ ನಿಂತಾಗ ವೈಜಿನಾಥ ಹದಿನೈದು ವರ್ಷದಲ್ಲಿ ಒಂದು ಸಲವೂ ಸುಮ್ಮನೆ ಕ್ಲಾಸು ಬಿಟ್ಟು ಹೋದವನಲ್ಲ.

"ಪೌಣೆ ಹತ್ತು," ಎಂದ.

ಸಾಹೇಬರು ತಲೆಯೆತ್ತಿದರು. "ಏನೆಂದಿರಿ?"

"ಹದಿಮೂರು ಪೌಣ ಪೌಣೆ ಹತ್ರಿ." ವೈಜಿನಾಥ ಮೇಜಿನ ಮೇಲಿದ್ದ ಪೆನ್ಸಿಲನ್ನು ಕೇಳದೆ ಎತ್ತಿಕೊಂಡು, ಪಟ್ಟಿಯ ಕೆಳಗೆ ಖಾಲಿಯಿದ್ದ ಜಾಗದಲ್ಲಿ ಒಂಬತ್ತು ಬರೆದ, ಅದರ ಪಕ್ಕದಲ್ಲಿ ಮೂರು ಗೀಟು ಎಳೆದ. ಮೂರೂ ಎಡಕ್ಕೆ ವಾಲಿದವು. ಕಾಗದವನ್ನು ಸಾಹೇಬರ ಕಡೆ ತಿರುಗಿಸಿ ಇಟ್ಟ. "ನೋಡ್ರಿ. ಮ್ಯಾಲಿನವೂ ನನ್ನವ ಅವ. ಸಮದಸಾಬ್ರು ದೂರ ಅಷ್ಟ ಅಳದಾರ್ರಿ. ಟೈಂ ತಗದಾವ ನಾನು."

ಸಾಹೇಬರು ಬಹಳ ಹೊತ್ತು ಮೇಲಿನ ಗೀಟನ್ನೂ ಕೆಳಗಿನ ಗೀಟನ್ನೂ ನೋಡಿದರು. ಆಮೇಲೆ ಅವನನ್ನು ನೋಡಿದರು. ಅವರ ಮುಖದಲ್ಲಿ ಮೋಸಹೋದವರ ಸಿಟ್ಟಿತ್ತು. "ಏನು ಬರುತ್ತಿತ್ತು ಎಂದು ನಿಮಗೆ ಗೊತ್ತಿತ್ತೇ?"

"ದವಾ ಅಂದ್ರು. ನಂಬಿದೆ." ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟು ಅವನು ಹೇಳಿದ, "ನಂಬೋದು ಬೇಕಿತ್ರಿ ನನಗ."

"ನಿಮ್ಮ ಅಣ್ಣನಿಗೆ?"

"ಗೊತ್ತಿಲ್ರಿ. ಇನ್ನ ಗೊತ್ತಾಗ್ತದ."

ಹೇಳಿಕೆ ಬರೆಯಲು ಕಾಗದ ಕೊಟ್ಟರು. ಕನ್ನಡದಲ್ಲಿ ಬರೆಯಿರಿ ಎಂದರು. ವೈಜಿನಾಥ ಹೆಸರು ಬರೆದ, ಊರಿನ ಹೆಸರು ಬರೆದ, ಅಲ್ಲಿಗೆ ಅವನ ಕನ್ನಡ ಮುಗಿಯಿತು. ಹುಟ್ಟಿದಂದಿನಿಂದ ಆಡಿದ ಮಾತನ್ನು ಬರೆಯಲು ಅವನಿಗೆ ಯಾರೂ ಕಲಿಸಿರಲಿಲ್ಲ. "ಉರ್ದುದಾಗ ಬರೀಲ್ರಿ?" ಎಂದು ಕೇಳಿದ. ಸಾಹೇಬರು ಗುಮಾಸ್ತನನ್ನು ಕರೆದರು. ಗುಮಾಸ್ತ ಬರೆದುಕೊಂಡ, ವೈಜಿನಾಥ ಕೆಳಗೆ ರುಜು ಹಾಕಿದ. ಸಮದನನ್ನು ಬಿಡುವ ಹುಕುಂ ಬೇರೆ ಕಾಗದದ ಮೇಲೆ ಆಯಿತು. ಎಲ್ಲ ಸೇರಿ ಕಾಲು ತಾಸೂ ಹಿಡಿಯಲಿಲ್ಲ.

ಸಿಪಾಯಿ ವೈಜಿನಾಥನನ್ನು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಹಸಿರು ಸೀರೆಯವಳು ಗಂಟು ಮಡಿಲಲ್ಲಿಟ್ಟುಕೊಂಡು ಕಚೇರಿಯ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಕಾಂತಾಬಾಯಿಗೆ ಈ ಸುದ್ದಿಯನ್ನೂ ಅವಳೇ ಒಯ್ಯಬೇಕು. ಆ ಯೋಚನೆಗೆ ಅವನಲ್ಲಿ ಭಯ ಎದ್ದಿತು, ನಿಜವಾದ ಭಯ, ಇಷ್ಟು ದಿನದ ಹಾಗೆ ಅಲ್ಲಿ ಇಲ್ಲಿ ಅಡಗುವಂಥದಲ್ಲ. ಧೊಂಡಿಬಾ ಇದನ್ನು ಯಾರ ಬಾಯಿಂದ ಕೇಳುತ್ತಾನೋ.

ಸಮದ ತನ್ನ ಹುಕುಮಿನ ಕಾಗದ ಹಿಡಿದು ಬಾಗಿಲವರೆಗೆ ಹೋದವನು ತಿರುಗಿ ಬಂದ. ಸಿಪಾಯಿ ತಡೆಯಲಿಲ್ಲ. ಸ್ಟೂಲಿನ ಹತ್ತಿರ ಬಗ್ಗಿದಾಗ ಅವನ ಉಸಿರಿನಲ್ಲಿ ಕೋಣೆಯ ಮುಗ್ಗು ವಾಸನೆ ಇತ್ತು.

"ಹದಿಮೂರನೇದು ನನಗ ಬರ್ತಿತ್ತು ಮಾಸ್ತರ," ಎಂದ ಮೆಲ್ಲಗೆ.

ವೈಜಿನಾಥ ತಲೆಯೆತ್ತುವಷ್ಟರಲ್ಲಿ ಅವನು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಿದ್ದ.